ಕೆಮ್ಮು ಬಾರದ ಗಂಟಲು

ಮಾತಿನ ತೊಂದರೆಗೆ ಚಿಕಿತ್ಸೆ ಮಾಡುವುದನ್ನು ಕಲಿಸುವ ವಿಭಾಗವೊಂದರ ಮುಖ್ಯಸ್ಥೆಯಾಗಿ ನಾನು ಬ್ರಹ್ಮಾವರದಲ್ಲಿ ಮನೆ ಮಾಡಿಕೊಂಡಿದ್ದ ವರ್ಷಗಳವು. ಪಾಠ, ಪರೀಕ್ಷೆ, ರೋಗಿಗಳು, ಇನ್ನೊಬ್ಬ ಅಧ್ಯಾಪಕರನ್ನು ಕೊಡಿ ಎಂದು ಆಡಳಿತದವರನ್ನು ಬೇಡುವುದು, ಎಲ್ಲವೂ ನನ್ನ ತಲೆಯ ಮೇಲಿತ್ತು. ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಹೋದರೆ ಮತ್ತೆ ಬರುತ್ತಿರಲಿಲ್ಲ. ಅರ್ಧ ಮೈ ಬಿದ್ದುಹೋದವರನ್ನು ಬೈಂದೂರಿನಿಂದ ಬಸ್ಸಿನಲ್ಲಿ ಕೂರಿಸಿಕೊಂಡು ಬರುವುದಾದರೂ ಹೇಗೆ? ಹಾಗಾಗಿ ವಾರಕ್ಕೊಮ್ಮೆ ಕೊನೆಯ ವರ್ಷದ ವಿದ್ಯಾರ್ಥಿಗಳೊಂದಿಗೆ ನಾವೇ ಅವರ ಮನೆಗಳಿಗೆ ಹೋಗುವ ಕ್ರಮ ಶುರುಮಾಡಿದ್ದೆ.

ಗಂಗೊಳ್ಳಿಯ ಅಂಥದೊಂದು ಮನೆಯಲ್ಲಿದ್ದವರು ಲಕ್ವ ಹೊಡೆದ ಒಬ್ಬ ತಾಂಡೇಲರು. ಮೀನಿನ ದೋಣಿ ನಡೆಸುತ್ತ, ಎಂಜಿನ್ನಿನ ಸದ್ದನ್ನೂ ಮೀರಿ ಕೂಗಿ ಆಳುಗಳನ್ನು ದುಡಿಸಿದವರು. ಈಗ ಮಾತು ತೊದಲಾಗಿತ್ತು. ಆದರೆ ನನ್ನನ್ನು ಹೆದರಿಸಿದ್ದು ಮಾತಲ್ಲ, ಗಂಟಲು. ನೀರು ತಪ್ಪಿ ಶ್ವಾಸನಾಳಕ್ಕೆ ಇಳಿದರೆ ನಮಗೆಲ್ಲ ಕೆಮ್ಮು ಬರುತ್ತದೆ. ಅವರಿಗೆ ಬರುತ್ತಿರಲಿಲ್ಲ. ತೆಳ್ಳಗಿನ ಏನೇ ಕೊಟ್ಟರೂ ಅದು ಸದ್ದಿಲ್ಲದೆ ಶ್ವಾಸಕೋಶ ಸೇರುತ್ತಿತ್ತು. ಏನನ್ನೇ ಆಗಲಿ ರಾಗಿ ಮಣ್ಣಿಯ ಹದಕ್ಕೆ ದಪ್ಪ ಮಾಡಿ, ಕೂರಿಸಿ, ಗಲ್ಲ ತಗ್ಗಿಸಿ ಕೊಡಬೇಕು ಎಂದು ಅವರ ಹೆಂಡತಿಗೆ ಹೇಳಿಕೊಟ್ಟೆ.

"ಮಾತ್ ಕಲ್ಸು ಟೀಚರಿಗೆ ನಮ್ ಅಡ್ಗಿ ಉಸಾಬರಿ ಎಂತಕ್ಕೆ?" ಎಂದು ಆಕೆ ಮೊದಲು ನಕ್ಕರು. ಆಮೇಲೆ ಹೇಳಿದಂತೆಯೇ ಮಾಡಿದರು. ಗಂಡ ಕೈಸನ್ನೆಯಲ್ಲಿ ಎಷ್ಟು ಬೇಡಿದರೂ ಒಂದು ಗುಟುಕು ನೀರು ಕೊಡಲಿಲ್ಲ.

ಮುಂದೊಂದು ವಾರ ಆ ಮನೆಗೆ ಹೋದಾಗ ನನ್ನ ವಿದ್ಯಾರ್ಥಿನಿ, ಸಿದ್ದಾಪುರದ ಹುಡುಗಿ, ಮುಂದಾಗಿ ಒಳಗೆ ಹೋಗಿದ್ದಳು. ನಾನು ಜಗಲಿಯಲ್ಲಿ ಚಪ್ಪಲಿ ಬಿಡುತ್ತಿದ್ದೆ. ತಾಂಡೇಲರ ಅಕ್ಕ ಬೈಂದೂರಿನಿಂದ ಬಂದಿದ್ದರು. ತಮ್ಮನ ಹೆಸರಿನಲ್ಲಿ ಪೂಜೆ ಮಾಡಿಸಿ, ತೀರ್ಥವನ್ನು ಸಣ್ಣ ಬಾಟಲಿಯಲ್ಲಿ ತಂದಿದ್ದರು.

"ತಮ್ಮಾ, ಬಾಯಿ ತೆಗಿ."

"ಅಕ್ಕಾ, ಕೊಡುಕಾಗ, ಮನ್ಗಿದಲ್ಲೇ ನೀರ್ ಕೊಡುಕಾಗ" ಎಂದು ಹುಡುಗಿ ಅವರ ಕೈ ಹಿಡಿದುಕೊಂಡಳು.

"ಬಿಡ್ ಹೆಣ್ಣೇ. ತೀರ್ಥ ಕೊಡು ಕೈ ಹಿಡಿತ್ರಾ? ನಿಮ್ ಕಾಲೇಜಲ್ ಇದನ್ನೇ ಕಲ್ಸುದಾ?"

ಹುಡುಗಿಯ ಹಿಡಿತ ಸಡಿಲಿತು. ನಾನು ಹೊಸ್ತಿಲು ದಾಟುವಷ್ಟರಲ್ಲಿ ಚಮಚ ಬಾಯೊಳಗಿತ್ತು. ಒಂದಲ್ಲ, ಕ್ರಮದಂತೆ ಮೂರು ಸಲ. ಹನಿ ನೀರಿಗೂ ಕಾವಲು ಕಾದ ಹೆಂಡತಿ ಕೈಮುಗಿದು ನಿಂತಿದ್ದರು. ಆ ಮನೆಯವರ ಮಟ್ಟಿಗೆ ತೀರ್ಥ ಕುಡಿಯುವ ಪದಾರ್ಥಗಳ ಪೈಕಿಯದಾಗಿರಲೇ ಇಲ್ಲ. ನಾನು ಹೇಳಿದ್ದ ನಿಷೇಧಕ್ಕೂ ಅದಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

"ಕಾಣಿ ಟೀಚರ್ರೇ, ಒಂದ್ ಕೆಮ್ಮೂ ಇಲ್ಲೆ" ಎಂದರು ಅಕ್ಕ, ಸಮಾಧಾನದಿಂದ.

ಅದೇ ಭಯ. ತಾಂಡೇಲರಿಗೆ 'ಆ' ಎನ್ನಲು ಹೇಳಿದೆ. ಬಂದ ಸ್ವರ ನೀರೊಳಗಿಂದ ಬಂದಂತಿತ್ತು. ಎಬ್ಬಿಸಿ ಮುಂದಕ್ಕೆ ಬಾಗಿಸಿದೆವು. ಕೆಮ್ಮಿ, ಕೆಮ್ಮಿ ಎಂದು ಬೇಡಿದೆ. ಅವರು ನನ್ನ ಮುಖ ನೋಡುತ್ತಿದ್ದರು. ತುಟಿಯ ಬಣ್ಣ ಬದಲಾಗತೊಡಗಿತು.

ಗಂಗೊಳ್ಳಿಯಲ್ಲಿ ನಿಂತರೆ ಹೊಳೆಯಾಚೆ ಕುಂದಾಪುರ ಕಾಣುತ್ತದೆ. ರಸ್ತೆಯಲ್ಲಾದರೆ ತ್ರಾಸಿ, ಹೆಮ್ಮಾಡಿ ಸುತ್ತಬೇಕು. ಕೂಗು ಕೇಳಿ ಬಂದವರಲ್ಲಿ ಅವರ ದೋಣಿಯಲ್ಲೇ ದುಡಿದವನೊಬ್ಬನಿದ್ದ. "ರಸ್ತಿ ಬ್ಯಾಡ ಮೇಡಂ, ಹೊಳಿ ದಾಂಟ್ಸ್ತೆ" ಎಂದ. ಕುರ್ಚಿಯಲ್ಲಿ ಕೂರಿಸಿಯೇ ಎತ್ತಿಕೊಂಡು ಹೋದರು.

ಆಸ್ಪತ್ರೆಯ ಗಲಾಟೆ ನನಗೆ ಸರಿಯಾಗಿ ನೆನಪಿಲ್ಲ. ಹೊಳೆ ದಾಟಿದ್ದು ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಹುಡುಗಿ ಅವರ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಳು. ಹೆಂಡತಿ ಮತ್ತೆ ಮತ್ತೆ "ಮನ್ಗ್ಸುವ, ಅವ್ರಿಗೆ ಆತಿಲ್ಲೆ" ಎಂದು ತೋಳು ಎಳೆಯುತ್ತಿದ್ದರು. ಮಲಗಿಸಿದರೆ ಮುಗಿಯಿತು ಎಂದು ನಾನು ಆಕೆಯ ಕೈ ತಳ್ಳುತ್ತಿದ್ದೆ. ಎಂಜಿನ್ನಿನ ಸದ್ದಿನಲ್ಲಿ ಉಸಿರು ಕೇಳುತ್ತಿರಲಿಲ್ಲ. ಎದೆಯ ಮೇಲೆ ಅಂಗೈ ಇಟ್ಟುಕೊಂಡೆ. ಗೊರಗೊರ ಎನ್ನುವುದು ಕೈಗೆ ತಾಗುತ್ತಿತ್ತು. ನಿಂತಂತಾಗುವುದು, ಮತ್ತೆ ಶುರುವಾಗುವುದು. ಬಸ್ಸಿನಲ್ಲಿ ಕಿಟಕಿಯ ಸರಳು ಅದುರಿದರೂ ಈಗಲೂ ನನ್ನ ಅಂಗೈಗೆ ಆ ಎದೆಯೇ ತಾಗುತ್ತದೆ.

ಜೀವಂತವಾಗಿಯೇ ದಡ ಮುಟ್ಟಿಸಿದೆವು. ಆಮ್ಲಜನಕ ಕೊಟ್ಟರು, ಮೂಗಿಗೆ ನಳಿಕೆ ಹಾಕಿದರು. ಅವತ್ತು ಬದುಕಿಕೊಂಡರು ಎಂದೇ ಅಂದುಕೊಂಡೆ. ಮರುದಿನ ಜ್ವರ ಏರಿತು, ಇಳಿಯಲಿಲ್ಲ. ನ್ಯುಮೋನಿಯಾ. ಪಾಠ ಮುಗಿಸಿ ದಿನವೂ ಬಸ್ಸು ಹತ್ತಿ ಕುಂದಾಪುರಕ್ಕೆ ಹೋಗುತ್ತಿದ್ದೆ. ಮಾಡಲು ಏನೂ ಇರಲಿಲ್ಲ. ವಾರ ಕಳೆಯುವ ಮೊದಲೇ ತಾಂಡೇಲರು ಹೋದರು.

ವಾರ್ಡಿನ ಹೊರಗೆ ಬೆಂಚಿನಲ್ಲಿ ಅಕ್ಕ ಒಬ್ಬರೇ ಕೂತಿದ್ದರು. ನನ್ನನ್ನು ಪಕ್ಕಕ್ಕೆ ಕರೆದರು.

"ಟೀಚರ್ರೇ, ಸತ್ಯ ಹೇಳಿ. ಅವ ತೀರ್ಥದಿಂದ ಹೋದದ್ದಾ?"

"ಇಲ್ಲಕ್ಕಾ. ಕಾಯಿಲೆ ಮೊದಲೇ ಜೋರಿತ್ತು" ಎಂದೆ.

ಆಕೆ ತಮ್ಮ ಬಲಗೈಯನ್ನು ಮಡಿಲಲ್ಲಿ ಮಗುಚಿಟ್ಟುಕೊಂಡರು.

"ಹಾಂಗಾರೆ ಆ ಹೆಣ್ಣ್ ನನ್ ಕೈ ಹಿಡ್ದದ್ ಎಂತಕ್ಕೆ?"