ಮಂಗಳದ ಪದ ಮೊದಲೇ ಬಂತು

ಹಾಡು ಶುರುವಾಗಿ ಅರ್ಧ ನಿಮಿಷವೂ ಆಗಿರಲಿಲ್ಲ, ಚಹಾದಂಗಡಿಯ ಕಟ್ಟೆಯ ಮೇಲೆ ಕುಂತಿದ್ದ ಹಿರಿಯರೆಲ್ಲ ಎದ್ದು ಕೈಮುಗಿದು ಚಪ್ಪಲಿ ಮೆಟ್ಟತೊಡಗಿದರು. ಕಪ್ಪಿನಲ್ಲಿ ಚಹಾ ಇನ್ನೂ ಹೊಗೆಯಾಡುತ್ತಿತ್ತು.

ಆಲಮೇಲದ ಆ ಅಂಗಡಿ ನಮ್ಮ ಕಾಕಾನದು. ಹಳೆಯ ಕಂಪ್ಯೂಟರಿಗೆ ನಾನೇ ಸಾಫ್ಟ್‌ವೇರ್ ಬರೆದು, ಸುತ್ತಲಿನ ಊರುಗಳ ಭಜನಾ ಕ್ಯಾಸೆಟ್‌ಗಳನ್ನೆಲ್ಲ ಅದಕ್ಕೆ ತುಂಬಿ, ಹಾಡಿನ ಪೆಟ್ಟಿಗೆಯೊಂದನ್ನು ಮಾಡಿ ಅವತ್ತೇ ಅಲ್ಲಿಟ್ಟಿದ್ದೆ. ಗುಂಡಿ ಒತ್ತಿದರೆ ಸಾಕು, ಯಾವುದಾದರೂ ಒಂದು ಪದವನ್ನು ಅದೇ ಆರಿಸಿ ಹಾಡುತ್ತಿತ್ತು. ಧ್ವನಿಯಲ್ಲಿ ಒಂದು ಕುಂದೂ ಇರಲಿಲ್ಲ. ಮತ್ತೇಕೆ ಎದ್ದರು?

"ಯಾಕ್ರಿ ಅಜ್ಜಾರ, ಹಾಡು ಸೇರಲಿಲ್ಲೇನ್ರಿ?" ಎಂದೆ.

ಗುಂಡಿ ಒತ್ತಿದ್ದ ಕನ್ನೊಳ್ಳಿಯ ಅಜ್ಜ ನನ್ನನ್ನೇ ದಿಟ್ಟಿಸಿದರು. "ಮಂಗಳದ ಪದ ಬಂತಲ್ಲ ಯವ್ವಾ. ಭಜನಿ ಮುಗೀತು. ಇನ್ನ ಕುಂತು ಏನ ಮಾಡೂದೈತಿ?"

ತಪ್ಪು ನನ್ನದೇ, ಅಲ್ಲೇ ನಿಂತು ತಿದ್ದಿದೆ. ಈಗ ಆ ಪದ ಸಂಜೆ ಏಳೂವರೆಗೆ ಮಾತ್ರ ಬರುತ್ತದೆ. "ಏಳ್ರಿ, ಅಂಗಡಿ ಮುಚ್ಚಬೇಕು" ಎಂದು ದಿನವೂ ಗಂಟಲು ಹರಿದುಕೊಳ್ಳುತ್ತಿದ್ದ ಕಾಕಾನಿಗೆ ಬಾಯಿ ಬಿಡುವ ಕೆಲಸವೇ ಇಲ್ಲ. ಹಿರಿಯರು ತಾವಾಗಿಯೇ ಎದ್ದು ಕೈಮುಗಿಯುತ್ತಾರೆ. ಕಾಕಾನೂ ಕೈಮುಗಿದೇ ಬಾಗಿಲು ಎಳೆಯುತ್ತಾನೆ.