ವಿಷಯ ನಮೂದಿಸಿಲ್ಲ

ಲಕ್ಷ್ಮೀಕಾಂತರಾವ ಮಣೂರಕರ ಸೋಲಾಪುರದ ಒಂದು ಕಾಲೇಜಿನಲ್ಲಿ ಹೆಡ್ ಕ್ಲಾರ್ಕು. ಪ್ರಾಚಾರ್ಯರು ನಾಲ್ಕು ಮಂದಿ ಬಂದುಹೋದರು. ಇವರು ಅದೇ ಖಿಡಕಿಯ ಹಿಂದೆ ಅದೇ ಕುರ್ಚಿಯಲ್ಲಿ ಉಳಿದರು. ಹೀಗಾಗಿ ಕಾಲೇಜು ತಮ್ಮದು, ಪ್ರಾಚಾರ್ಯರೆಲ್ಲ ಬಾಡಿಗೆಗೆ ಬಂದವರು ಎಂಬ ಭಾವನೆ ಅವರಲ್ಲಿ ತಾನಾಗಿಯೇ ಬೆಳೆದಿತ್ತು. ಬಂದ ಕಾಗದ ಯಾವುದೇ ಇರಲಿ, ಅವರ ಆವಕ ಬುಕ್ಕಿನಲ್ಲಿ ನಂಬರು ಬೀಳದೆ ಮುಂದೆ ಸರಿಯುತ್ತಿರಲಿಲ್ಲ. ಮಹಿಳಾ ತಕ್ರಾರ ಸಮಿತಿಗೆ ಬಂದ ಮುಚ್ಚಿದ ಲಕೋಟೆಗೂ ಅವರೇ ನಂಬರು ಹಾಕಬೇಕು.

ಆ ಸಮಿತಿಯೇ ಅವರನ್ನು ಚಳವಳಿಗೆ ಎಳೆದದ್ದು. ಸಮಿತಿಗೆ ಒಂದು ಖೋಲಿ ಸಿಕ್ಕಿತು, ಖೋಲಿಗೆ ಫ್ಯಾನು, ಬಾಗಿಲಿಗೆ ಬೋರ್ಡು. ಲಕ್ಷ್ಮೀಕಾಂತರಾಯರು ಕ್ಯಾಂಟೀನಿನಲ್ಲಿ ಚಹಾದ ಕಪ್ಪು ಕೆಳಗಿಟ್ಟು, "ಗಂಡಸರಿಗೇನದ?" ಎಂದು ಕೇಳಿದರು. ವಡೆ ಬಿಸಿಯಿದ್ದುದರಿಂದ ಯಾರೂ ಉತ್ತರ ಕೊಡಲಿಲ್ಲ. ಆ ಮೌನವನ್ನು ಅವರು ಸಮ್ಮತಿ ಎಂದು ತಿಳಿದರು. ಹೀಗೆ 'ಪುರುಷ ಪ್ರಶ್ನ ಮಂಚ' ಎಂಬ ವೇದಿಕೆ ಹುಟ್ಟಿತು. ಅಧ್ಯಕ್ಷ ಮಯೂರ, ಬಿ.ಎ. ಎರಡನೇ ವರ್ಷದವನು, ಅವನ ದನಿಗೆ ಮೈಕು ಬೇಕಿರಲಿಲ್ಲ, ಆದರೆ ಮೈಕನ್ನು ಅವನು ಬಿಡುತ್ತಲೂ ಇರಲಿಲ್ಲ. ಮಾರ್ಗದರ್ಶಕರು ಯಾರೆಂದು ಬೇರೆ ಹೇಳಬೇಕಿಲ್ಲ.

ಅವರು ಆಡಿದ್ದೆಲ್ಲ ಬರೀ ಗಾಳಿಯಾಗಿರಲಿಲ್ಲ. ಹುಡುಗರ ಹಾಸ್ಟೆಲಿನ ಪಾಯಖಾನೆಗೆ ಬಾಗಿಲಿರಲಿಲ್ಲ. ಪರೀಕ್ಷೆಗೆ ಮುಂಚೆ ಕಾಲೇಜು ಬಿಟ್ಟು ಪುಣೆಯ ಕಡೆ ಕೆಲಸಕ್ಕೆ ಹೋಗುವ ಹುಡುಗರ ಲೆಕ್ಕ ಯಾರೂ ಇಟ್ಟಿರಲಿಲ್ಲ. ಹುಡುಗಿ ಅತ್ತರೆ ಹತ್ತು ಮಂದಿ ಕೇಳುತ್ತಾರೆ, ಹುಡುಗ ಅತ್ತರೆ ಹತ್ತು ಮಂದಿ ನಗುತ್ತಾರೆ ಎಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿ ನೋಡುತ್ತಿದ್ದರು. ಆದರೆ ಇದಕ್ಕೆಲ್ಲ ಕಾರಣ ಸ್ತ್ರೀವಾದ ಎಂದು ಅವರು ಸೇರಿಸುತ್ತಿದ್ದರು. ಪಾಯಖಾನೆಯ ಬಾಗಿಲನ್ನು ಸ್ತ್ರೀವಾದ ಹೇಗೆ ಕಿತ್ತುಕೊಂಡು ಹೋಯಿತೆಂದು ಯಾರೂ ಕೇಳಲಿಲ್ಲ. ಮನೆಯಲ್ಲಿ ಪುರುಷರ ಮೇಲಿನ ಅನ್ಯಾಯದ ಬಗ್ಗೆ ಅವರು ಭಾಷಣ ಬರೆಯುವಾಗ ಹೆಂಡತಿ ದ್ವಾರಕಾ ಎರಡು ಸಲ ಚಹಾ ತಂದುಕೊಟ್ಟು, ಮೂರನೇ ಸಲ ಮಾತ್ರ, "ಅನ್ಯಾಯ ಮುಗೀತಂದ್ರ ಊಟಕ್ಕ ಏಳ್ರಿ" ಎನ್ನುತ್ತಿದ್ದಳು.

'ಸ್ತ್ರೀವಾದ ಅತಿಯಾಯಿತೆ?' ಎಂಬ ಮೊದಲ ವಾದವಿವಾದದಲ್ಲಿ ಪೂರ್ವಾ ಎಂಬ ಹುಡುಗಿ ಎದ್ದು ನಿಂತು, ಸಭ್ಯವಾಗಿಯೇ ಕೇಳಿದಳು: "ಸರ್, ಹುಡುಗರ ದುಃಖ ಯಾರೂ ಕೇಳಂಗಿಲ್ಲ ಅಂತೀರಿ. ಖರೇ ಅದ. ನಿಮ್ಮ ಮಂಚ ಎಷ್ಟ ಮಂದಿದು ಕೇಳ್ಯದ್ರಿ?"

ಸಭೆ ನಕ್ಕಿತು. ಮಯೂರ ಕೆಂಪಾದ. ಲಕ್ಷ್ಮೀಕಾಂತರಾಯರು ಮರುದಿನವೇ ಒಂದು ತಗಡಿನ ಪೆಟ್ಟಿಗೆ ಮಾಡಿಸಿ, ಹುಡುಗರ ಹಾಸ್ಟೆಲಿನ ಜಿನೆಯ ಮೆಟ್ಟಿಲ ಕೆಳಗೆ ಮೊಳೆ ಹೊಡೆಸಿದರು. ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಅರ್ಜಿ ಹೇಗಿರಬೇಕು ಎಂಬುದಕ್ಕೆ ಹನ್ನೊಂದು ನಿಯಮ ಬರೆದು ಪಕ್ಕದಲ್ಲಿ ಅಂಟಿಸಿದರು. ದುಃಖಕ್ಕೂ ಒಂದು ನಮೂನೆ ಇರದಿದ್ದರೆ ಅದನ್ನು ಫೈಲಿಗೆ ಹಾಕುವುದು ಹೇಗೆ?

ಎರಡು ತಿಂಗಳಲ್ಲಿ ಪೆಟ್ಟಿಗೆಗೆ ಬಿದ್ದದ್ದು ಒಂದು ಚಿವಡಾದ ಪಾಕೀಟು, ಅವಧಿ ಮುಗಿದ ಬಸ್ ಪಾಸು, ಕ್ಯಾಂಟೀನಿನ ವಡೆ ಸಣ್ಣದಾಗಿದೆ ಎಂಬ ತಕರಾರು. ಆಮೇಲೆ ಒಂದು ದಿನ ಕನ್ನಡದಲ್ಲಿ ಬರೆದ ಒಂದು ಹಾಳೆ.

ಇಲ್ಲಿ ಒಂದು ಮಾತು ಹೇಳಬೇಕು. ಲಕ್ಷ್ಮೀಕಾಂತರಾಯರ ಮನೆಮಾತು ಕನ್ನಡ. ಬೈಯುವುದು, ಲೆಕ್ಕ ಹಾಕುವುದು, ದೇವರಿಗೆ ಬೇಡಿಕೊಳ್ಳುವುದು ಎಲ್ಲ ಕನ್ನಡದಲ್ಲೇ. ಆದರೆ ಕಲಿತದ್ದು ಮರಾಠಿ ಸಾಲೆಯಲ್ಲಿ. ಕನ್ನಡದ ಒಂದಕ್ಷರವೂ ಓದಲು ಬಾರದು. ಕರ್ನಾಟಕದ ಬಸ್ಸು ಬಂದರೆ ಬೋರ್ಡು ನೋಡಿಯೂ ನೋಡದವರಂತೆ ನಿಂತು ಕಂಡಕ್ಟರನನ್ನು ಕೇಳುತ್ತಿದ್ದರು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೆಡ್ ಕ್ಲಾರ್ಕಿಗೆ ಓದಲು ಬಾರದ ಕಾಗದ ಇದೆ ಎಂದರೆ ಕಾಲೇಜಿನ ಗತಿಯೇನು?

ಹಾಳೆಯನ್ನು ಅವರು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಕೆಳಗೆ ಹೆಸರು ಮಾತ್ರ ಮರಾಠಿಯಲ್ಲಿತ್ತು: ಸೋಮು ಕಾಮಣ್ಣ, ಬಿ.ಎ. ಒಂದನೇ ವರ್ಷ, ಊರು ತಡವಳ. ಮೇಲುಗಡೆ, ವಿಷಯ ಬರೆಯಬೇಕಾದ ಜಾಗ ಖಾಲಿ. ಅವರಿಗೆ ಸಮಾಧಾನವಾಯಿತು. ಶಿಕ್ಕಾ ಒತ್ತಿದರು. 'ತ್ರುಟಿ: ವಿಷಯ ನಮೂದಿಸಿಲ್ಲ. ಪೂರ್ಣಗೊಳಿಸಿ ಪುನಃ ಸಲ್ಲಿಸಿ' ಎಂದು ಮರಾಠಿಯಲ್ಲಿ ಬರೆದು ಸಹಿ ಹಾಕಿದರು. ಒಂದು ಝೆರಾಕ್ಸ್ ಫೈಲಿಗೆ ಸೇರಿಸಿ, ಮೂಲಪ್ರತಿಯನ್ನು ಹುಡುಗನನ್ನು ಕರೆಸಿ ಕೊಟ್ಟರು.

ಎತ್ತರದ ಹುಡುಗ. ಖಿಡಕಿಯ ಎತ್ತರಕ್ಕೆ ಬಗ್ಗಿ ನಿಂತ.

"ಸರ್, ಓದಿದ್ರೇನ್ರಿ?" ಎಂದು ಕನ್ನಡದಲ್ಲಿ ಕೇಳಿದ.

"ಓದೀನಿ," ಎಂದರು ಲಕ್ಷ್ಮೀಕಾಂತರಾಯರು ಮರಾಠಿಯಲ್ಲಿ. ಆಫೀಸಿನಲ್ಲಿ ಅವರದು ಮರಾಠಿಯೇ. "ವಿಷಯ ಬರೆದಿಲ್ಲ. ಬರೆದು ತಾ."

"ಏನಂತ ಬರೀಲ್ರಿ?"

"ಅದು ನಿನಗ ಗೊತ್ತಿರಬೇಕು."

ಹುಡುಗ ಹಾಳೆಯನ್ನು ನೋಡಿದ. "ನನಗೂ ತಿಳೀವಲ್ದು ಸರ್," ಎಂದ. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಹೋದ.

ಮೂರು ವಾರದ ನಂತರ ಸೋಮು ಹಾಸ್ಟೆಲಿನಲ್ಲಿ ಇರಲಿಲ್ಲ. ಮೊಬೈಲು ಹಾಸಿಗೆಯ ಮೇಲಿತ್ತು, ಚಪ್ಪಲಿ ಇರಲಿಲ್ಲ. ಊರಿಗೆ ಹೋಗಿರಬೇಕೆಂದು ಹಾಸ್ಟೆಲಿನವರು ತಿಳಿದರು. ಊರಿನವರಿಗೆ ಫೋನು ಬರದಿದ್ದರೂ ಗಾಬರಿಯಾಗಲಿಲ್ಲ. ಕುರಿ ಸಾಕುವ ಮನೆ, ಗಂಡಸರು ಹಿಂಡಿನ ಬೆನ್ನು ಹತ್ತಿ ಹೋದರೆ ತಿಂಗಳುಗಟ್ಟಲೆ ಸುದ್ದಿ ಇರುವುದಿಲ್ಲ, ಬಂದಾಗ ಬಂದರು. ಹೀಗೆ ಅವನು ಕಾಣೆಯಾಗಿದ್ದಾನೆಂದು ಎರಡೂ ಕಡೆಯವರಿಗೆ ತಿಳಿಯುವಷ್ಟರಲ್ಲಿ ನಲವತ್ತು ದಿನ ಕಳೆದಿತ್ತು. ಪೊಲೀಸರು ಬರೆದುಕೊಂಡರು. ಅಷ್ಟೇ.

ಆಗ ಮಯೂರ ಒಂದು ಕತೆ ತಂದ. ಪೂರ್ವಾ ಮಹಿಳಾ ಸಮಿತಿಗೆ ಸೋಮುವಿನ ಮೇಲೆ ಸುಳ್ಳು ತಕರಾರು ಕೊಟ್ಟಳು, ಮಾನಕ್ಕೆ ಅಂಜಿ ಹುಡುಗ ಓಡಿಹೋದ. ಸಾಕ್ಷಿ ಏನು? ಇಬ್ಬರೂ ಒಂದೇ ಕ್ಲಾಸು. ಮೂರು ದಿನದಲ್ಲಿ ಎಲ್ಲರ ಮೊಬೈಲಿನಲ್ಲೂ ಸೋಮುವಿನ ಫೋಟೋ ಬಂತು, ಕೆಳಗೆ 'ಸ್ತ್ರೀವಾದದ ಬಲಿ'. ಒಂಬತ್ತು ಮಂದಿ ಬರುತ್ತಿದ್ದ ಮಂಚದ ಸಭೆಗೆ ಹಾಲ್ ತುಂಬಿತು. ಲಕ್ಷ್ಮೀಕಾಂತರಾಯರಿಗೆ ಶಾಲು ಹೊದಿಸಿದರು.

ಅಂಥ ತಕರಾರು ಬಂದಿರಲೇ ಇಲ್ಲ. ಇದು ಇಡೀ ಕಾಲೇಜಿನಲ್ಲಿ ಖಾತ್ರಿಯಾಗಿ ಗೊತ್ತಿದ್ದದ್ದು ಅವರಿಗೆ. ಪೂರ್ವಾಳ ಹೆಸರಿನ ಲಕೋಟೆಗೆ ಅವರು ಯಾವತ್ತೂ ನಂಬರು ಹಾಕಿರಲಿಲ್ಲ. ಯಾರಾದರೂ ಕೇಳಿದರೆ ಹೇಳೋಣ ಎಂದುಕೊಂಡರು. ಶಾಲು ಹೊದ್ದವರನ್ನು ಯಾರು ಕೇಳುತ್ತಾರೆ? ಡಿಸೆಂಬರಿನಲ್ಲಿ ಪೂರ್ವಾ ಅವರ ಖಿಡಕಿಗೇ ಬಂದು ಕಾಲೇಜು ಬಿಟ್ಟ ದಾಖಲೆ ಕೇಳಿದಳು. 'ಬಿಡುವ ಕಾರಣ' ಎಂಬಲ್ಲಿ ಅವರು ತಾವೇ 'ವೈಯಕ್ತಿಕ' ಎಂದು ತುಂಬಿಕೊಟ್ಟರು. ಅವಳು ಓದಿ, ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು.

ಅಲ್ಲಿಂದ ಅವರಿಗೆ ಶುರುವಾಯಿತು. ಪತ್ರ ಟೈಪು ಮಾಡುತ್ತ 'ವಿಷಯ' ಎಂಬಲ್ಲಿಗೆ ಬಂದರೆ ಬೆರಳು ನಿಲ್ಲುತ್ತಿತ್ತು. ಖಿಡಕಿಯ ಗಾಜಿನಾಚೆ ಯಾರೋ ಎತ್ತರದವರು ಬಗ್ಗಿದಂತಾಗುತ್ತಿತ್ತು. ತಲೆ ಎತ್ತಿದರೆ ಬರೀ ಅಂಗಳದ ಬಿಸಿಲು. ಸಿಟಿ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗನ ಕುತ್ತಿಗೆ ನೋಡಿ ಎರಡು ಸಲ ಎದ್ದು ಹೋಗಿ ಮುಖ ನೋಡಿದರು. ಎರಡು ಸಲವೂ ಬೈಸಿಕೊಂಡರು. ಎಲ್ಲಕ್ಕಿಂತ ಕೆಟ್ಟದ್ದು ಆ ಝೆರಾಕ್ಸು. ಬೀರುವಿನಲ್ಲಿ ಅದು ಇದೆ, ತಮ್ಮದೇ ಮನೆಮಾತಿನಲ್ಲಿದೆ, ತಮಗೇ ಏನೋ ಹೇಳುತ್ತಿದೆ, ತಮಗೆ ಮಾತ್ರ ಕೇಳಿಸುತ್ತಿಲ್ಲ. ದಿನಕ್ಕೊಮ್ಮೆ ತೆಗೆದು ನೋಡುವರು. ದುಂಡಗಿನ ಅಕ್ಷರಗಳು ಮುಖ ತಿರುಗಿಸಿ ಕುಳಿತ ಮಂದಿಯಂತೆ ಕಾಣುತ್ತಿದ್ದವು. ಯಾರಿಂದಾದರೂ ಓದಿಸಬಹುದಿತ್ತು. ಆದರೆ ಓದಿಸಿದರೆ, "ಓದೀನಿ" ಎಂದದ್ದು ಸುಳ್ಳೆಂದಾಗುತ್ತದೆ.

"ಏನ್ರಿ ಇದು, ನಿದ್ದಿಯೊಳಗ ವಿಷಯ ವಿಷಯ ಅಂತ ಕನವರಸಲಿಕ್ಕತ್ತೀರಿ," ಎಂದಳು ದ್ವಾರಕಾ ಒಂದು ಬೆಳಿಗ್ಗೆ. "ಯಾವ ವಿಷಯ? ನನಗರ ಹೇಳ್ರಿ."

"ಏನಿಲ್ಲ. ಆಫೀಸಿಂದು."

"ಆಫೀಸಿಂದಕ್ಕ ಯಾರೂ ಅಳಂಗಿಲ್ರಿ," ಎಂದಳು ಆಕೆ.

ಮುಂದಿನ ನವೆಂಬರು ಬಂತು. ಹತ್ತೊಂಬತ್ತಕ್ಕೆ ಪುರುಷ ದಿನ. ಸೋಮುವಿನ ತಾಯಿಯನ್ನು ವೇದಿಕೆಯ ಮೇಲೆ ಕೂಡಿಸಬೇಕೆಂದು ಮಯೂರನ ಹಟ. "ಸರ್, ತಾಯಿ ಅತ್ತರ ಹಾಲ್ ಪೂರಾ ಅಳ್ತದ. ನೀವ ಹೋಗ್ರಿ, ನಿಮಗ ಕನ್ನಡ ಬರ್ತದ," ಎಂದ. ಲಕ್ಷ್ಮೀಕಾಂತರಾಯರು ಆಮಂತ್ರಣ ಪತ್ರಿಕೆಯನ್ನು ಚೀಲಕ್ಕೆ ಹಾಕಿದರು. ಅದರ ಕೆಳಗೆ ಝೆರಾಕ್ಸನ್ನೂ ಇಟ್ಟರು. ಯಾಕೆ ಇಟ್ಟರೋ, ಅಕ್ಕಲಕೋಟದಲ್ಲಿ ಬಸ್ಸು ಬದಲಿಸುವವರೆಗೂ ತಮಗೆ ತಾವೇ ಹೇಳಿಕೊಳ್ಳಲಿಲ್ಲ.

ತಡವಳದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಾಮಣ್ಣ ಕುರಿ ಹೊಡೆದುಕೊಂಡು ಭೀಮಾ ನದಿಯ ಕಡೆ ಹೋಗಿದ್ದ. ಕಟ್ಟೆಯ ಮೇಲೆ ತಾಯಿ ಗುರುಬಾಯಿ ಜೋಳ ಹಸನು ಮಾಡುತ್ತಿದ್ದಳು. ಹಣೆಯಲ್ಲಿ ಬೀರೋಬಾ ದೇವರ ಭಂಡಾರದ ಅರಿಶಿನ. ಮಗಳು ದೀಪಾಲಿ ನೀರು ತಂದುಕೊಟ್ಟಳು, ಅಕ್ಕಲಕೋಟದಲ್ಲಿ ಬಿ.ಎ. ಓದುವ ಹುಡುಗಿ, ಎತ್ತರ ಅಣ್ಣನದೇ.

"ಕಾಲೇಜಿನಿಂದ ಬಂದೀರೇನ್ರಿ? ಅಂವ ಸಿಕ್ಕಾನೇನ್ರಿ?" ಎಂದಳು ಗುರುಬಾಯಿ, ಎದ್ದು ನಿಂತು.

"ಇಲ್ಲವ್ವ."

"ಬರ್ತಾನ ಬಿಡ್ರಿ. ನಮ್ಮ ಮಂದಿ ಹಂಗ. ಹೋದವರು ಬರ್ತಾರ." ಆಕೆ ಮತ್ತೆ ಮೊರ ಹಿಡಿದು ಕುಳಿತಳು.

ದೀಪಾಲಿ ಆಮಂತ್ರಣವನ್ನು ಓದಿದಳು. ಮೇಲೆ ಅಣ್ಣನ ಫೋಟೋ ಇತ್ತು. "ಯಾರ್ನ ಕೇಳಿ ಹಾಕೀರಿ ಇದನ್ನ?"

ಅವಳೇ ಆಮಂತ್ರಣವನ್ನು ಮಡಚಿ ಕಟ್ಟೆಯ ಮೇಲಿಟ್ಟಳು.

"ಪೂರ್ವಾ ಅಂಬಾಕಿ ಬಂದಿದ್ಳು ನಮ್ಮ ಮನಿಗಿ. ತಕರಾರ ನಾ ಕೊಟ್ಟಿಲ್ಲವ್ವ, ಅವಗ ನೋಟ್ಸ ಕೊಟ್ಟಿದ್ದೆ ಅಷ್ಟ ಅಂತ ನಮ್ಮವ್ವನ ಕಾಲ ಹಿಡದು ಅತ್ತು ಹೋದ್ಳು. ಖರೆ ಏನ್ರಿ ಸರ್? ನಿಮಗ ಗೊತ್ತಿರಬೇಕಲಾ."

"ಖರೆ," ಎಂದರು ಲಕ್ಷ್ಮೀಕಾಂತರಾಯರು. ಒಂದು ವರ್ಷದಿಂದ ಗಂಟಲಲ್ಲಿದ್ದ ಮಾತು ಇಷ್ಟು ಸಣ್ಣದಿತ್ತೇ ಎಂದು ಅವರಿಗೇ ಆಶ್ಚರ್ಯವಾಯಿತು. ಆಮೇಲೆ ಚೀಲದಿಂದ ಝೆರಾಕ್ಸ್ ತೆಗೆದರು. "ತಂಗಿ, ಇದು ಸೋಮು ಬರದದ್ದು. ನನಗ ಕನ್ನಡ ಓದಲಿಕ್ಕೆ ಬರಂಗಿಲ್ಲ. ಓದ್ತೀಯೇನು?"

ದೀಪಾಲಿ ಅಕ್ಷರ ನೋಡಿದ ಕೂಡಲೇ ಕುಳಿತುಬಿಟ್ಟಳು. ಗುರುಬಾಯಿ ಮೊರ ಕೆಳಗಿಟ್ಟಳು.

"'ಮಣೂರಕರ ಸರ್ ಅವರಿಗೆ ಸೋಮು ಮಾಡುವ ನಮಸ್ಕಾರಗಳು,'" ಎಂದು ದೀಪಾಲಿ ಓದತೊಡಗಿದಳು. "'ನನ್ನ ಮೇಲೆ ಯಾರೂ ಅನ್ಯಾಯ ಮಾಡಿಲ್ಲ. ಯಾರ ಮೇಲೂ ತಕರಾರು ಇಲ್ಲ. ಎರಡು ತಿಂಗಳಿಂದ ನಿದ್ದೆ ಬರುತ್ತಿಲ್ಲ. ಕ್ಲಾಸಿನಲ್ಲಿ ಮರಾಠಿ ಅರ್ಧ ತಿಳಿಯುತ್ತದೆ, ನಾನು ಮಾತಾಡಿದರೆ ನಗುತ್ತಾರೆ, ಅದಕ್ಕೆ ಮಾತು ಬಿಟ್ಟಿದ್ದೇನೆ. ಅಪ್ಪನಿಗೆ ಹೇಳಿದರೆ ಗಂಡುಮಗ ಹೀಗಾದರೆ ಹೇಗೆ ಎನ್ನುತ್ತಾನೆ. ನೀವು ಫೋನಿನಲ್ಲಿ ಮನೆಯವರ ಜೊತೆ ಕನ್ನಡ ಆಡುವುದನ್ನು ಕೇಳಿದ್ದೇನೆ. ನಮ್ಮ ಊರಿನವರ ಹಾಗೇ ಇತ್ತು. ವಾರಕ್ಕೊಮ್ಮೆ ಸ್ವಲ್ಪ ಹೊತ್ತು ನಿಮ್ಮ ಸಂಗಡ ಕುಂತು ಮಾತಾಡಬಹುದೇನ್ರಿ? ಬೇರೆ ಏನೂ ಬೇಡ.'"

ಪಕ್ಕದ ಮನೆಯ ಕೋಳಿಯೊಂದು ಕಟ್ಟೆ ಹತ್ತಿ ಬಂದು ಮೊರಕ್ಕೆ ಬಾಯಿ ಹಾಕಿತು. ಯಾರೂ ಓಡಿಸಲಿಲ್ಲ.

"ಇದರ ಮ್ಯಾಲ ಶಿಕ್ಕಾ ಅದ," ಎಂದಳು ದೀಪಾಲಿ. "ಬಾಜೂಕ ಮರಾಠಿಯೊಳಗ ಏನೋ ಬರದಾರ."

"ನಿನಗ ಮರಾಠಿ ಬರ್ತದಲ್ಲವ್ವ."

"ಬರ್ತದ್ರಿ. ಆದ್ರ ನೀವ ಓದ್ರಿ. ನಿಮ್ಮ ಅಕ್ಷರ."

ಅವರು ಓದಿದರು. ಗುರುಬಾಯಿಗೆ ತಿಳಿಯಲೆಂದು ಕನ್ನಡದಲ್ಲಿಯೂ ಹೇಳಿದರು. ಕನ್ನಡದಲ್ಲಿ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಹತ್ತೊಂಬತ್ತರಂದು ಹಾಲ್ ತುಂಬಿತ್ತು. ತಾಯಿ ಬರಲಿಲ್ಲ. ಲಕ್ಷ್ಮೀಕಾಂತರಾಯರು ಆವಕ ಬುಕ್ಕನ್ನು ಕಂಕುಳಲ್ಲಿ ಹಿಡಿದು ಮೈಕಿನ ಮುಂದೆ ಬಂದರು. ಪೂರ್ವಾಳ ತಕರಾರು ಯಾವ ಪುಟದಲ್ಲೂ ಇಲ್ಲವೆಂದರು. ಅದು ತಮಗೆ ಮೊದಲ ದಿನದಿಂದ ಗೊತ್ತಿತ್ತೆಂದರು. ಆಮೇಲೆ ಸೋಮುವಿನ ಕಾಗದವನ್ನು, ಬಾಯಿಪಾಠ ಮಾಡಿಕೊಂಡು ಬಂದದ್ದನ್ನು, ಕನ್ನಡದಲ್ಲೇ ಹೇಳಿದರು. ಹಾಲಿನಲ್ಲಿ ಅರ್ಧಕ್ಕರ್ಧ ಮಂದಿಗೆ ಅದು ಮನೆಮಾತು. ಅವರು ಮೊದಲು ತಲೆ ಬಗ್ಗಿಸಿದರು, ಉಳಿದವರು ಅವರ ಕಡೆ ತಿರುಗಿ ನೋಡಿದರು.

"ಹುಡುಗರ ದುಃಖ ಖರೆ ಅದ," ಎಂದರು. "ಅದು ನನ್ನ ಖಿಡಕಿತನಕ ಬಂದಿತ್ತು. ವಾಪಸ್ ಕಳಿಸಿದಾಂವ ನಾನು. ಯಾವ ಹೆಣ್ಣುಮಗಳೂ ಅಲ್ಲ."

"ಸರ್, ಅವರ ಕಡೆ ಹೋದ್ರೇನ್ರಿ?" ಎಂದು ಮಯೂರ ಕೂಗಿದ. ಒಂದಿಬ್ಬರು ಸೀಟಿ ಹೊಡೆದರು. ಎರಡು ಕಡೆ ಇವೆ ಎಂದು ಆ ಹುಡುಗನಿಗೆ ಕಲಿಸಿದವರು ಇವರೇ. ಇಳಿದು ಬಂದರು. ಆ ವಾರವೇ ಪೂರ್ವಾಳ ಮನೆಗೆ ಕಾಲೇಜಿನ ಶಿಕ್ಕಾ ಇರುವ ಪತ್ರ ಹೋಯಿತು, ತಕರಾರು ಬಂದಿರಲಿಲ್ಲವೆಂದು. ಅವಳು ಉತ್ತರ ಬರೆಯಲಿಲ್ಲ. ಬರೆಯಬೇಕಾದ ಕಾರಣವೂ ಇರಲಿಲ್ಲ. ಪ್ರಾಚಾರ್ಯರು ಲಕ್ಷ್ಮೀಕಾಂತರಾಯರಿಗೆ ಒಂದು ನೋಟೀಸು ಕೊಟ್ಟರು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ತಮ್ಮ ಹೆಸರಿನ ಕಾಗದಕ್ಕೆ ತಾವೇ ಆವಕ ನಂಬರು ಹಾಕಿಕೊಂಡರು.

ಖಿಡಕಿಯಾಚೆಯ ಆ ಎತ್ತರದ ನೆರಳು ಮಾತ್ರ ಹೋಗಲಿಲ್ಲ. ಹೋಗುತ್ತದೆ ಎಂದು ಅವರೂ ತಿಳಿದಿರಲಿಲ್ಲ.

ಶನಿವಾರಕ್ಕೊಮ್ಮೆ ಅವರು ತಡವಳಕ್ಕೆ ಫೋನು ಮಾಡುತ್ತಾರೆ. ದೀಪಾಲಿ ಒಂದು ಮಾತೂ ಆಡದೆ ಫೋನನ್ನು ತಾಯಿಯ ಕೈಗೆ ಕೊಡುತ್ತಾಳೆ. ಸುದ್ದಿ ಏನಾದರೂ ಇದೆಯೇ ಎಂದು ಗುರುಬಾಯಿ ಮೊದಲೆರಡು ವಾರ ಕೇಳಿದಳು, ಆಮೇಲೆ ಕೇಳುವುದು ಬಿಟ್ಟಳು. ಕುರಿಗೆ ಬಂದ ಬೇನೆ, ಕಾಮಣ್ಣನ ಮೊಣಕಾಲು, ಬೀರೋಬಾನ ಗುಡಿಗೆ ಹೋದದ್ದು, ಇವನ್ನೆಲ್ಲ ಹೇಳುತ್ತಾಳೆ. ಅವರು ಹೂಂಗುಟ್ಟುತ್ತಾರೆ. ಹೋದ ಶನಿವಾರ ಆಕೆ ಮಾತಿನ ನಡುವೆ ನಿಂತು ಕೇಳಿದಳು:

"ಸರ್, ಆವತ್ತ ಅಂವ ನಿಮ್ಮ ಹಂತ್ಯಾಕ ಬಂದಿದ್ನಲ್ರಿ. ಉಂಡ ಬಂದಿದ್ನೇನ್ರಿ? ಮಾರಿ ನೋಡಿದ್ರ ತಿಳೀತದ ಅದು."

ಹೌದವ್ವ, ಉಂಡಿದ್ದ ಎಂಬ ಮಾತು ತುಟಿಯವರೆಗೆ ಬಂತು. ಹೇಳಿದ್ದರೆ ಆ ತಾಯಿಗೆ ಒಂದು ರಾತ್ರಿಯ ನಿದ್ದೆಯಾದರೂ ಸಿಗುತ್ತಿತ್ತು.

"ಗೊತ್ತಿಲ್ಲವ್ವ," ಎಂದರು ಲಕ್ಷ್ಮೀಕಾಂತರಾಯರು. "ನಾ ಅವನ ಮಾರಿ ನೋಡಲಿಲ್ಲ. ಹಾಳಿ ನೋಡಿದೆ."