ಮರಳು ಬಾಯಿಗಿಟ್ಟು ನೋಡುವ ಕೈತಾನ

ಬೆಳಗಿನ ಆರು ಗಂಟೆ. ಚಿತ್ತಾಕುಲದ ಇಗರ್ಜಿಯ, ಅಂದರೆ ಚರ್ಚಿನ, ಅಂಗಳಕ್ಕೆ ಬಂದ ಟಿಪ್ಪರ್ ಇನ್ನೂ ಮರಳು ಸುರಿದಿಲ್ಲ. ಕೈತಾನ ಲೋಬೊ ಆಗಲೇ ಅದರ ಚಕ್ರದ ಮೇಲೆ ಕಾಲಿಟ್ಟು ಹತ್ತಿದ್ದಾರೆ. ಮೊಣಕೈವರೆಗೆ ಕೈ ತೂರಿಸಿ ಒಳಗಿನ ಮರಳು ತೆಗೆಯುತ್ತಾರೆ, ಒಂದು ಚಿಟಿಕೆ ನಾಲಗೆಯ ಮೇಲಿಡುತ್ತಾರೆ. ಉಗುಳಿ, ಬಾಯಿ ಮುಕ್ಕಳಿಸಿ, "ಇಳಸು" ಅಂದರೆ ಆ ಲೋಡು ಪಾಸು. ಮಾತಾಡದೆ ಗೇಟಿನತ್ತ ಕೈ ತೋರಿಸಿದರೆ ಮುಗಿಯಿತು, ಟಿಪ್ಪರ್ ಬಂದ ದಾರಿ ಹಿಡಿಯಬೇಕು.

"ಹೊಳೆಬಾಯಿಯ ರೇತಿಯಲ್ಲಿ ಉಪ್ಪು ಇರ್ತದೆ. ಉಪ್ಪು ಸ್ಲ್ಯಾಬಿನ ಒಳಗಿನ ಕಬ್ಬಿಣ ತಿಂತದೆ. ನೋಡೂಕೆ ಎಲ್ಲಾ ಒಂದೇ. ಬಾಯಿಗೆ ಹಾಕ್ದೆ ಗೊತ್ತಾಗೂದು ಹ್ಯಾಂಗೆ?" ಎಂದು ನಗುತ್ತಾರೆ.

ಕೈತಾನರಿಗೆ ಅರವತ್ತೊಂದು. ಕಾರ್ಖಾನೆಯೊಂದರ ಸ್ಟೋರಿನಲ್ಲಿ ಮೂವತ್ತು ವರ್ಷ ಸಾಮಾನು ನೋಡಿಕೊಂಡವರು, ಬಿಡುವಿದ್ದಾಗಲೆಲ್ಲ ಇಗರ್ಜಿಗಳ ಕಟ್ಟಡ ಕೆಲಸಕ್ಕೆ ನಿಂತವರು. ಸಂಬಳವಿಲ್ಲ, ಮಧ್ಯಾಹ್ನದ ಊಟವೂ ಮನೆಯದೇ. ಈಗ ಏಳುತ್ತಿರುವ ಮಕ್ಕಳ ಧರ್ಮಪಾಠದ ಹಾಲ್ ಅವರ ಆರನೇ ಕೆಲಸ. ಗೋಡೆಗೆ ದಿನಕ್ಕೆ ಮೂರು ಸಲ ನೀರು ಬೀಳಬೇಕು, ಬಿಚ್ಚಿದ ಸಿಮೆಂಟಿನ ಖಾಲಿ ಚೀಲಗಳೂ ಸಂಜೆ ಎಣಿಕೆಗೆ ಅವರ ಕಣ್ಣೆದುರು ಬರಬೇಕು. ಕೆಲಸಗಾರರು ಬೆನ್ನ ಹಿಂದೆ 'ಉಪ್ಪು ಮಾಮಾ' ಅನ್ನುತ್ತಾರೆ. ಅದು ಅವರಿಗೂ ಗೊತ್ತು.

ಈ ಹಟ ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ಅಂಕೋಲಾ ಕಡೆಯ ಒಂದು ಹಳ್ಳಿಯಲ್ಲಿ ಪ್ರಾರ್ಥನಾ ಮಂದಿರ ಕಟ್ಟಿಸುತ್ತಿದ್ದರು. ಭಕ್ತರು ಕೊಟ್ಟ ಕಲ್ಲು, ಮರಳಿಗೆ ಪಾದ್ರಿ ತೀರ್ಥ ಚಿಮುಕಿಸಿ ಆಶೀರ್ವದಿಸುವುದು ಇಲ್ಲಿನ ರೂಢಿ. ದೇವರಿಗೆ ಅರ್ಪಿಸಿದ್ದನ್ನು ಪರೀಕ್ಷಿಸುವುದು ಹೇಗೆಂದು ಕೈತಾನ ಅಂದು ಸಂಕೋಚಪಟ್ಟು ಹಾಗೇ ಬಿಟ್ಟರು. ನಾಲ್ಕೇ ಮಳೆಗಾಲ! ಸ್ಲ್ಯಾಬಿನ ದೊಡ್ಡ ಹೆಂಟೆಯೊಂದು ಕಳಚಿ ಬೆಂಚಿನ ಮೇಲೆ ಬಿತ್ತು.

"ಬುಧವಾರ ಬಿತ್ತು, ಯಾರೂ ಇರ್ಲಿಲ್ಲ. ಭಾನುವಾರ ಆಗಿದ್ರೆ? ಆ ಬೆಂಚಲ್ಲಿ ಆರು ಮಕ್ಳು ಕೂಡ್ತಿದ್ವು," ಎನ್ನುತ್ತಾರೆ. ಆ ಭಾನುವಾರದ ಪೂಜೆಯಲ್ಲಿ ಎಲ್ಲರೆದುರು ಎದ್ದು ನಿಂತು, ತಪ್ಪು ನನ್ನದೇ ಎಂದರು.

ಕಳೆದ ಮೇ ತಿಂಗಳಲ್ಲಿ ಮತ್ತೆ ಅದೇ ಪೇಚು. ಪಕ್ಕದ ಕೇರಿಯ ಟಿಪ್ಪರ್ ಮಾಲೀಕ ಭಾಸ್ಕರ, ಹೆಂಡತಿ ರೂಪಾಳ ಹೆರಿಗೆ ಸುಸೂತ್ರವಾದರೆ ಮರಳು ಕೊಡುತ್ತೇನೆಂದು ಇಗರ್ಜಿಗೆ ಹರಕೆ ಹೊತ್ತಿದ್ದ. ಹೆಣ್ಣು ಮಗು ಹುಟ್ಟಿತು, ಐದು ಲೋಡು ಬಂತು. ಕೈತಾನ ನೆಂಟರ ಮದುವೆಗೆಂದು ಅಂಕೋಲೆಗೆ ಹೋಗಿದ್ದ ಭಾನುವಾರವೇ ಆಶೀರ್ವಾದವೂ ಮುಗಿಯಿತು. ಸೋಮವಾರ ಬೆಳಿಗ್ಗೆ ಬಾಯಿಗಿಟ್ಟರೆ ಬರೀ ಉಪ್ಪು.

ಮಳೆಗೆ ಎರಡೇ ವಾರ. ಈಗ ಸ್ಲ್ಯಾಬ್ ಬೀಳದಿದ್ದರೆ ಮಕ್ಕಳಿಗೆ ಇನ್ನೊಂದು ವರ್ಷ ತಾಡಪಾಲಿನ ಕೆಳಗೇ ಪಾಠ. ಆಶೀರ್ವಾದವಾದದ್ದನ್ನು ಬೇಡ ಅನ್ನಲು ಇಗರ್ಜಿಯ ಕಟ್ಟಡ ಸಮಿತಿಯ ಯಾರಿಗೂ ಬಾಯಿ ಬರಲಿಲ್ಲ. ಕೈತಾನ ನೆಟ್ಟಗೆ ಭಾಸ್ಕರನ ಮನೆಗೇ ಹೋದರು.

"ದೇವ್ರಿಗೆ ಕೊಟ್ಟದ್ದು ಬ್ಯಾಡ ಹೇಳೂಕೆ ನೀವ್ಯಾರು ಮಾಮಾ?" ಭಾಸ್ಕರ ಕೆಂಡವಾದ.

"ನಾನು ಯಾರೂ ಅಲ್ಲ ಮಾರಾಯಾ, ಅದ್ಕೇ ಬಂದೆ. ನನ್ನ ಮನೆ ಆಗಿದ್ರೆ ನಿನ್ನ ಮುಖ ನೋಡಿ ಹಾಕಿಸ್ತಿದ್ದೆ. ಅದು ನಂದಲ್ಲ, ನೋಡ್ಕೊ ಹೇಳಿ ಕೊಟ್ಟದ್ದು. ನಿನ್ನ ಹರಕೆಯಿಂದ ನಾಳೆ ಯಾರದ್ದೋ ಮಗೂಗೆ ಪೆಟ್ಟಾಗೂದು ಬ್ಯಾಡ."

ಭಾಸ್ಕರ ಬಾಗಿಲು ಹಾಕಿಕೊಂಡ. ನಾಲ್ಕು ತಿಂಗಳು ಮಾತಿಲ್ಲ. ಮಳೆ ತನ್ನ ಹೊತ್ತಿಗೆ ಬಂತು, ಸ್ಲ್ಯಾಬ್ ನಿಂತೇ ಹೋಯಿತು. ಸೋರುವ ತಾಡಪಾಲಿನ ಕೆಳಗೆ ಮಕ್ಕಳು ಒದ್ದೆಯಾದಾಗ ತಾಯಂದಿರು ಕೈತಾನರಿಗೆ ಕೇಳುವಂತೆಯೇ ಬೈದರು. ಆಶೀರ್ವಾದವಾದ ಮರಳನ್ನು ಎಸೆಯುವಂತಿಲ್ಲ, ಅದನ್ನು ಕೈತಾನ ಸಮಾಧಿಗಳ ನಡುವಿನ ಕಾಲುದಾರಿಗೆ ತಾವೇ ಹಾಸಿದರು. ಮಳೆ ಮುಗಿದ ಮೇಲೆ, ಹರಕೆ ಬಾಕಿ ಉಳಿಯಬಾರದೆಂದು, ಭಾಸ್ಕರನೇ ಉಪ್ಪು ತಾಕದ ಮೇಲಿನ ಹೊಳೆಯ ಮರಳು ಕಳಿಸತೊಡಗಿದ್ದಾನೆ. ಇಂದು ಬಂದದ್ದು ಐದನೆಯ ಲೋಡು, ಐದೂ ಪಾಸು.

ನಾಳಿದ್ದು ಸ್ಲ್ಯಾಬ್. ಉದ್ಘಾಟನೆಯ ಕಲ್ಲಿನಲ್ಲಿ ಕೈತಾನರ ಹೆಸರು ಕೆತ್ತಿಸಬೇಕೆಂದು ಸಮಿತಿಗೆ ಆಸೆ.

"ಹೆಸರು ಎಂತಕ್ಕೆ?" ಅವರು ಕೈ ಝಾಡಿಸುತ್ತಾರೆ. "ಜೋರು ಮಳೆ ಹೊಯ್ಲಿ, ಮಕ್ಳು ಕೆಳಗೆ ಕೂತು ಹಾಡ್ತಿರ್ಲಿ. ಒಬ್ರೂ ಹೆದ್ರಿ ತಲೆ ಎತ್ತಿ ನೋಡೂದು ಬ್ಯಾಡ. ನಂಗೆ ಅಷ್ಟು ಸಾಕು."